ಶೇ. 95 ಎಂದು ಬರೆದರೆ ಸಾಲದು

ಮೆಡಿಕಲ್ ಪಿಜಿ ವಿದ್ಯಾರ್ಥಿಗಳು ಅಂಕಿಅಂಶದ ಲೆಕ್ಕಕ್ಕೆ ನನ್ನ ಹತ್ತಿರ ಬರುವುದು ಥೀಸಿಸ್ ಕೊಡುವ ತಿಂಗಳಲ್ಲೇ. ಡೇಟಾ ಸೇರಿಸುವ ಮುಂಚೆ ಬನ್ನಿ ಎಂದರೆ ಯಾರೂ ಕೇಳುವುದಿಲ್ಲ. ಬಂದವರ ಥೀಸಿಸ್‌ನಲ್ಲಿ ಈ ವಾಕ್ಯ ಇದ್ದೇ ಇರುತ್ತದೆ: 'ನಿಜವಾದ ಪ್ರಮಾಣ ಶೇ. 12ರಿಂದ 20ರ ನಡುವೆ ಇರುವ ಸಾಧ್ಯತೆ ಶೇ. 95.'

ದಯವಿಟ್ಟು ಹೀಗೆ ಬರೆಯಬೇಡಿ. ನಿಜವಾದ ಪ್ರಮಾಣ, ಅಂದರೆ ಅಂಥ ಎಲ್ಲ ರೋಗಿಗಳಲ್ಲಿನ ಪ್ರಮಾಣ, ನಮಗೆ ಗೊತ್ತಿಲ್ಲ, ಆದರೆ ಅದು ಒಂದೇ ಸಂಖ್ಯೆ, ಅಲುಗಾಡುವುದಿಲ್ಲ. ಬದಲಾಗುವುದು ನಿಮ್ಮ ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಮ್ಮ ರೋಗಿಗಳ ಡೇಟಾದಿಂದ ಲೆಕ್ಕ ಹಾಕಿದ 12ರಿಂದ 20 ಎಂಬ ವ್ಯಾಪ್ತಿ. ಬೇರೆ ರೋಗಿಗಳು ಸಿಕ್ಕಿದ್ದರೆ ಬೇರೆ ಇಂಟರ್ವಲ್ ಬರುತ್ತಿತ್ತು. ಹೀಗೆ ಮತ್ತೆ ಮತ್ತೆ ಸ್ಯಾಂಪಲ್ ತೆಗೆದರೆ, 100ರಲ್ಲಿ ಸುಮಾರು 95 ಇಂಟರ್ವಲ್‌ಗಳ ಒಳಗೆ ನಿಜವಾದ ಪ್ರಮಾಣ ಸಿಗಬೇಕು. ಕವರೇಜ್ ಎಂದರೆ ಇದೇ. 1937ರಲ್ಲಿ ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ ಕಟ್ಟಿಕೊಟ್ಟ ಲೆಕ್ಕಾಚಾರ ಇದು. ಶೇ. 95 ಎನ್ನುವುದು ವಿಧಾನದ ಗುಣ. ನಿಮ್ಮ ಕೈಲಿರುವ ಒಂದು ಇಂಟರ್ವಲ್ ಗುರಿ ಹಿಡಿದಿರಬಹುದು, ತಪ್ಪಿರಲೂಬಹುದು. ಬೇಯ್ಸ್ ವಿಧಾನದಲ್ಲಿ ಸಾಧ್ಯತೆಯ ಮಾತು ಆಡಬಹುದು, ಆದರೆ ಅದಕ್ಕೆ ಮೊದಲೇ ಪ್ರಯರ್, ಅಂದರೆ ಡೇಟಾ ನೋಡುವ ಮುಂಚಿನ ಅಂದಾಜು, ಹಾಕಿರಬೇಕು.

'ಮಾತಿನ ವ್ಯತ್ಯಾಸ ಅಷ್ಟೇ ಅಲ್ವಾ ಸರ್?' ಎಂದು ಒಬ್ಬ ಹುಡುಗಿ ಕೇಳಿದಳು. ತುಂಬಾ ಶ್ರದ್ಧೆಯ ಹುಡುಗಿ. ಅವಳ ಒಂದು ಗುಂಪಿನಲ್ಲಿ 10 ರೋಗಿಗಳು, ಯಾರಿಗೂ ಅಡ್ಡಪರಿಣಾಮ ಆಗಿಲ್ಲ. ಪಠ್ಯಪುಸ್ತಕದ ಸೂತ್ರ ಹಾಕಿದ್ದಳು. ಬಂದ ಇಂಟರ್ವಲ್ 0ಯಿಂದ 0.

ಇಲ್ಲಿ ನಿಲ್ಲಿಸಿ ಲೆಕ್ಕ ಮಾಡಿಸಿದೆ. ನಿಜಕ್ಕೂ ಶೇ. 10 ಜನರಿಗೆ ಅಡ್ಡಪರಿಣಾಮ ಆಗುತ್ತದೆ ಎಂದುಕೊಳ್ಳೋಣ. 10 ಜನರಲ್ಲಿ ಒಬ್ಬರಿಗೂ ಆಗದಿರುವ ಸಾಧ್ಯತೆ 0.9ರ ಹತ್ತನೇ ಘಾತ, ಅಂದರೆ ಹೆಚ್ಚುಕಡಿಮೆ ಶೇ. 35. ಆ ಸ್ಯಾಂಪಲ್‌ಗಳಿಗೆಲ್ಲ 0ಯಿಂದ 0 ಎಂಬ ಇಂಟರ್ವಲ್ ಬರುತ್ತದೆ, ಎಲ್ಲವೂ ಗುರಿ ತಪ್ಪುತ್ತವೆ. ಶೇ. 95 ಎಂದು ಹೆಸರು ಹೊತ್ತ ಸೂತ್ರದ ನಿಜವಾದ ಕವರೇಜ್ ಇಲ್ಲಿ ಸುಮಾರು ಶೇ. 65. ಇದು ಬರೀ ಮಾತಿನ ವ್ಯತ್ಯಾಸ ಅಲ್ಲ, ಆ ಔಷಧಿಯನ್ನು ನಾಳೆ ಯಾರೋ ನುಂಗುತ್ತಾರೆ.

ಅದೇ ಡೇಟಾಕ್ಕೆ 1927ರ ವಿಲ್ಸನ್ ವಿಧಾನ ಶೇ. 0ಯಿಂದ 28 ಕೊಡುತ್ತದೆ. 1934ರ ಕ್ಲಾಪರ್-ಪಿಯರ್ಸನ್ ವಿಧಾನ 0ಯಿಂದ 31. ಎರಡನೆಯದರ ಕವರೇಜ್ 95ಕ್ಕಿಂತ ಇಳಿಯುವುದಿಲ್ಲ, ಹಾಗಾಗಿ ಇಂಟರ್ವಲ್ ಸ್ವಲ್ಪ ಜಾಸ್ತಿ ಅಗಲ. ಸಾಮಾನ್ಯವಾಗಿ ನಾನು ವಿಲ್ಸನ್ ಹೇಳುತ್ತೇನೆ. ಔಷಧಿಯ ಸುರಕ್ಷತೆ ವಿಷಯಕ್ಕೆ ಮಾತ್ರ ಕ್ಲಾಪರ್-ಪಿಯರ್ಸನ್. ಸ್ಯಾಂಪಲ್ ಆರಿಸಿದ್ದೇ ಸರಿಯಿಲ್ಲದಿದ್ದರೆ ಎರಡೂ ಉಪಯೋಗಕ್ಕೆ ಬಾರವು.

ಅವಳು 0ಯಿಂದ 31 ಎಂದು ತಿದ್ದಿ, ವಿಧಾನದ ಹೆಸರನ್ನೂ ಬರೆದಳು. ಇಷ್ಟು ಅಗಲ ಯಾಕೆ ಎಂದು ಗೈಡ್ ಬೈದರೆ ನನಗೆ ಫೋನ್ ಮಾಡಿಸು ಎಂದು ಹೇಳಿ ಕಳಿಸಿದೆ.