ಕಿತ್ತಳೆಯ ಹೆಸರಲ್ಲಿ ಪೋರ್ಚುಗಲ್ ಹೇಗೆ ಬಂತು?

ಗ್ರೀಸಿನವರು ಕಿತ್ತಳೆ ಹಣ್ಣಿಗೆ ಪೊರ್ತೊಕಾಲಿ ಅನ್ನುತ್ತಾರೆ. ಟರ್ಕಿಯವರಿಗೆ ಅದು ಪೊರ್ತಕಾಲ್, ಅರಬರಿಗೆ ಬುರ್ತುಕಾಲ್, ಇರಾನಿನವರಿಗೆ ಪೊರ್ತೆಗಾಲ್. ಇವರೆಲ್ಲ ಬೆಳಗಾದರೆ ಒಂದು ದೇಶವನ್ನೇ ಹಿಂಡಿ ರಸ ಕುಡಿಯುತ್ತಾರೆ ಅನ್ನಿ. ಹಾಗಂತ ಪೋರ್ಚುಗಲ್‌ಗೇ ಹೋಗಿ ಪೊರ್ತೊಕಾಲಿ ಕೊಡಿ ಅಂದರೆ ಅಂಗಡಿಯವನು ಪಿಳಿಪಿಳಿ ನೋಡುತ್ತಾನೆ. ಅಲ್ಲಿ ಅದಕ್ಕೆ ಲರಾಂಜ ಅನ್ನುತ್ತಾರೆ. ಇನ್ನು ಹಾಲೆಂಡಿನವರು ಇದೇ ಹಣ್ಣಿಗೆ ಸಿನಾಸಪ್ಪೆಲ್ ಅನ್ನುತ್ತಾರೆ, ಅಂದರೆ ಚೀನಾದ ಸೇಬು.

ಒಂದೇ ಹಣ್ಣು. ಯುರೋಪು, ಪಶ್ಚಿಮ ಏಷ್ಯಾ ಪೂರ್ತಿ ಸುತ್ತಿದರೂ ಇದಕ್ಕೆ ಮುಖ್ಯವಾಗಿ ಸಿಗುವುದು ಮೂರು ಗುಂಪಿನ ಹೆಸರು: ನಾರಂಗದ ಗುಂಪು, ಪೋರ್ಚುಗಲ್ ಗುಂಪು, ಚೀನಾ ಗುಂಪು. ಹಣ್ಣು ಎಲ್ಲಿ ಬೆಳೆಯಿತು ಅನ್ನುವುದಕ್ಕಿಂತ ಯಾರ ಕೈಯಿಂದ ತಮ್ಮ ಸಂತೆಗೆ ಬಂತು ಅನ್ನುವುದನ್ನೇ ಜನ ಹೆಸರಿನಲ್ಲಿ ಇಟ್ಟುಕೊಂಡರು. ಅದಕ್ಕೇ ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಳೆಯ ವ್ಯಾಪಾರದ ದಾರಿಗಳೇ ಕಾಣುತ್ತವೆ.

ಮೊದಲು ಹಣ್ಣಿನ ವಿಷಯ. ನಿಂಬೆ ಜಾತಿಯ ಗಿಡಗಳ ವಂಶವಾಹಿ ಅಧ್ಯಯನವೊಂದು 2018ರಲ್ಲಿ ಬಂತು. ಅದರ ಪ್ರಕಾರ ಇಡೀ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು: ಅಸ್ಸಾಮಿನ ಪೂರ್ವ ಭಾಗ, ಮ್ಯಾನ್ಮಾರ್‌ನ ಉತ್ತರ, ಚೀನಾದ ಯುನಾನ್ ಇರುವ ಕಡೆ. ನಾವು ಕಿತ್ತಳೆ ಅಂತ ತಿನ್ನುವ ಸಡಿಲ ಸಿಪ್ಪೆಯ ಹಣ್ಣು ಮ್ಯಾಂಡರಿನ್ ಜಾತಿಯದು. ವಿದೇಶದಿಂದ ಬರುವ, ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುವ ಸಿಹಿ ಕಿತ್ತಳೆ ಬೇರೆ. ಅದು ಚಕ್ಕೋತ ಮತ್ತು ಮ್ಯಾಂಡರಿನ್ ಬೆರೆತು ಹುಟ್ಟಿದ್ದು. ಹುಳಿ-ಕಹಿ ಕಿತ್ತಳೆ ಅಂತ ಇನ್ನೊಂದಿದೆ, ಅದೂ ಅವೆರಡರದೇ ಸಂತಾನ. ಕಹಿ ಮತ್ತು ಸಿಹಿ, ಈ ಎರಡನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಥೆಯ ಗಂಟು ಇರುವುದೇ ಅಲ್ಲಿ.

ಈಗ ಹೆಸರು. ವಾಟ್ಸಾಪ್‌ನಲ್ಲಿ ಆಗಾಗ ಒಂದು ಸಂದೇಶ ಓಡಾಡುತ್ತದೆ, ಇಂಗ್ಲಿಷಿನ ಆರೆಂಜ್ ಸಂಸ್ಕೃತದ ನಾರಂಗದಿಂದ ಬಂದಿದ್ದು ಅಂತ. ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ. ಸಂಸ್ಕೃತಕ್ಕೆ ಆ ಪದ ದ್ರಾವಿಡ ಭಾಷೆಗಳಿಂದ ಹೋಗಿರಬೇಕು ಅನ್ನುವುದು ಬಹಳಷ್ಟು ಭಾಷಾ ವಿದ್ವಾಂಸರ ಅಭಿಪ್ರಾಯ. ತಮಿಳಿನಲ್ಲಿ ನಾರಮ್, ನಾರತ್ತೈ ಇವೆ. ತಮಿಳರ ಮನೆಯ ನಾರ್ತಂಗಾಯ್ ಉಪ್ಪಿನಕಾಯಿ ತಿಂದಿದ್ದರೆ ಆ ಪದ ಈಗಾಗಲೇ ನಿಮ್ಮ ನಾಲಿಗೆ ಮೇಲೆ ಕೂತು ಹೋಗಿದೆ. ಮಲಯಾಳದಲ್ಲಿ ನಾರಙ್ಙ ಅಂದರೆ ನಿಂಬೆ ಜಾತಿಗೆಲ್ಲ ಸೇರಿದ ಹೆಸರು, ದಿನದ ಮಾತಿನಲ್ಲಿ ನಿಂಬೆಕಾಯಿ. ಕೇರಳದಲ್ಲಿ ನಾರಙ್ಙ ವೆಳ್ಳಂ ಕೇಳಿದರೆ ನಿಂಬೆ ಶರಬತ್ತು ಸಿಗುತ್ತದೆಯೇ ಹೊರತು ಆರೆಂಜ್ ಜ್ಯೂಸ್ ಅಲ್ಲ. ಇದರ ಬೇರು ಪರಿಮಳಕ್ಕೆ ಸಂಬಂಧಿಸಿದ ನರು ಎಂಬ ಪದ ಇರಬಹುದು ಅನ್ನುವುದು ಒಂದು ಊಹೆ. ನಮ್ಮ ಹಳಗನ್ನಡದ ನರುಗಂಪಿನಲ್ಲಿ ಇರುವುದೂ ಅದೇ. ಕಿತ್ತಳೆ ಸಿಪ್ಪೆ ಹಿಚುಕಿದವರಿಗೆ ಈ ಊಹೆ ಇಷ್ಟವಾಗದೇ ಇರಲ್ಲ.

ನಾರಂಗ ಪರ್ಷಿಯಾಕ್ಕೆ ಹೋಗಿ ನಾರಂಗ್ ಆಯಿತು. ಅರಬ್ಬಿಯ ಬರವಣಿಗೆಯಲ್ಲಿ ಗ ಅಕ್ಷರ ಇಲ್ಲ, ಹಾಗಾಗಿ ಅಲ್ಲಿ ನಾರಂಜ್. ಅರಬರು ಸುಮಾರು 10, 11ನೇ ಶತಮಾನದ ಹೊತ್ತಿಗೆ ಗಿಡವನ್ನೂ ಹೆಸರನ್ನೂ ಸಿಸಿಲಿಗೆ, ಸ್ಪೇನಿಗೆ ತಲುಪಿಸಿದರು. ಸ್ಪೇನಿನಲ್ಲಿ ಅದು ನರಾಂಹ, ಬರೆಯುವಾಗ ಇವತ್ತಿಗೂ ಜೆ ಅಕ್ಷರವೇ ಇದೆ. ಪೋರ್ಚುಗಲ್‌ನಲ್ಲಿ ಮೊದಲ ನ ಜಾರಿ ಲ ಆಯಿತು. ಆದರೆ ಇದೆಲ್ಲ ಕಹಿ ಕಿತ್ತಳೆ. ಸ್ಪೇನಿನ ಸೆವಿಲ್ ನಗರದ ಬೀದಿಗಳಲ್ಲಿ ಇವತ್ತಿಗೂ ಸಾಲು ಸಾಲು ನಿಂತಿರುವುದು ಅದೇ ಮರ, ಬ್ರಿಟಿಷರ ಮಾರ್ಮಲೇಡ್‌ಗೆ ಹೋಗುವುದೂ ಅದೇ ಹಣ್ಣು. ಆಗಿನ ಯುರೋಪಿನಲ್ಲಿ ಅದು ಅಡುಗೆಗೆ, ಔಷಧಿಗೆ, ಪರಿಮಳಕ್ಕೆ. ಸುಲಿದು ತಿನ್ನುವವರು ಕಮ್ಮಿ.

ಸರಿ, ಮುಂದಿದ್ದ ನ ಎಲ್ಲಿ ಹೋಯಿತು? ಇಂಗ್ಲಿಷರು ಎ ನಾರೆಂಜ್ ಅನ್ನುವುದನ್ನು ಆನ್ ಆರೆಂಜ್ ಅಂತ ಕೇಳಿಸಿಕೊಂಡು ನ ಕಳೆದುಕೊಂಡರು ಅಂತ ಒಂದು ಕಥೆ ಇದೆ. ಚೆನ್ನಾಗಿದೆ, ಆದರೆ ಇಂಗ್ಲಿಷಿನ ಮಟ್ಟಿಗೆ ನಿಜವಲ್ಲ. ಏಪ್ರನ್ ಪದಕ್ಕೆ ಹಾಗಾಗಿದ್ದು ಹೌದು, ಅದು ಮೊದಲು ನೇಪ್ರನ್ ಆಗಿತ್ತು. ಕ್ರಿಕೆಟ್ಟಿನ ಅಂಪೈರ್ ಕೂಡ ಹಾಗೆಯೇ ನ ಕಳೆದುಕೊಂಡವನು. ಆದರೆ ಆರೆಂಜ್ ಇಂಗ್ಲಿಷಿಗೆ ಕಾಲಿಡುವ ಮೊದಲೇ ಬೋಳಾಗಿತ್ತು. ನ ಬಿದ್ದು ಹೋಗಿದ್ದು ಇಟಲಿ, ಫ್ರಾನ್ಸ್ ಕಡೆ. ಇಟಲಿಯ ಊನ ನರಾಂಚ ಅನ್ನುವುದು ಊನ್ ಅರಾಂಚ ಆಯಿತು. ಫ್ರೆಂಚರು ಅದರ ಮೊದಲಿನ ಅ ಅನ್ನು ಓ ಮಾಡಿದರು. ಅವರಲ್ಲಿ ಚಿನ್ನಕ್ಕೆ ಓರ್ ಅನ್ನುತ್ತಾರೆ, ಚಿನ್ನದ ಬಣ್ಣದ ಹಣ್ಣಿಗೆ ಆ ಸದ್ದು ತಾನಾಗಿ ಅಂಟಿಕೊಂಡಿತು ಅನ್ನುವುದು ಒಂದು ವಿವರಣೆ.

ಬಣ್ಣಕ್ಕೆ ಆ ಹೆಸರು ಬಂದಿದ್ದು ಇನ್ನೂ ತಡವಾಗಿ. ಇಂಗ್ಲಿಷಿನಲ್ಲಿ ಬಣ್ಣ ಅನ್ನುವ ಅರ್ಥದಲ್ಲಿ ಆರೆಂಜ್ ಕಾಣಿಸುವುದೇ 1500ರ ಆಸುಪಾಸಿನಲ್ಲಿ. ಅದಕ್ಕೂ ಮುಂಚೆ ಅವರು ಹಳದಿಗೆಂಪು ಅನ್ನುವ ಹಾಗೆ ಎರಡು ಬಣ್ಣ ಜೋಡಿಸಿ ಹೇಳುತ್ತಿದ್ದರು, ಇಲ್ಲವೇ ಸೀದಾ ಕೆಂಪು ಅಂದುಬಿಡುತ್ತಿದ್ದರು. ರಾಬಿನ್ ಹಕ್ಕಿಯ ಎದೆ ನೋಡಿದರೆ ಸ್ಪಷ್ಟವಾಗಿ ಕಿತ್ತಳೆ ಬಣ್ಣ, ಆದರೂ ಅದರ ಹೆಸರು ಕೆಂಪೆದೆಯ ಹಕ್ಕಿ. ಹೆಸರಿಟ್ಟವರ ಹತ್ತಿರ ಬೇರೆ ಪದವೇ ಇರಲಿಲ್ಲ. ನಮಗೆ ಆ ತೊಂದರೆ ಇರಲಿಲ್ಲ, ಕೇಸರಿ ಇತ್ತು, ಕಾವಿ ಇತ್ತು. ಈಗಲೂ ನಮ್ಮ ಬಾವುಟದ ಬಣ್ಣ ಹೇಳುವಾಗ ಯಾರೂ ಕಿತ್ತಳೆ ಅನ್ನುವುದಿಲ್ಲ ಅಲ್ವಾ.

ಡಚ್ಚರದು ಇದಕ್ಕಿಂತ ತಮಾಷೆ. ಫ್ರಾನ್ಸಿನ ದಕ್ಷಿಣದಲ್ಲಿ ಓರಾಂಜ್ ಅಂತ ಒಂದು ಊರಿದೆ. ರೋಮನ್ನರ ಕಾಲದಲ್ಲಿ ಅದರ ಹೆಸರು ಅರೌಸಿಯೊ. ಹಣ್ಣಿಗೂ ಊರಿಗೂ ಏನೇನೂ ಸಂಬಂಧ ಇಲ್ಲ, ಉಚ್ಚಾರಣೆ ಸವೆದು ಸವೆದು ಎರಡೂ ಒಂದೇ ಥರ ಆದವು. 1544ರಲ್ಲಿ ಆ ಸಂಸ್ಥಾನ ನಾಸೌ ಮನೆತನದ ವಿಲಿಯಂಗೆ ಬಂತು. ಮುಂದೆ ಸ್ಪೇನಿನ ವಿರುದ್ಧ ಡಚ್ಚರ ದಂಗೆಗೆ ನಾಯಕನಾದವನು ಅವನೇ. ಹೀಗೆ ಓರಾಂಜ್ ಮನೆತನ, ಅದಕ್ಕೆ ಕಿತ್ತಳೆ ಬಣ್ಣ, ಇವತ್ತು ಹಾಲೆಂಡಿನ ಫುಟ್‌ಬಾಲ್ ತಂಡಕ್ಕೆ ಕಿತ್ತಳೆ ಬಣ್ಣದ ಅಂಗಿ. ಅದೇ ಮನೆತನದ ಇನ್ನೊಬ್ಬ ವಿಲಿಯಂ ಇಂಗ್ಲೆಂಡಿನ ರಾಜನಾದ ಕಾರಣಕ್ಕೆ ಐರ್ಲೆಂಡಿನ ಬಾವುಟದಲ್ಲೂ ಒಂದು ಕಿತ್ತಳೆ ಪಟ್ಟಿ ಇದೆ. ಇಷ್ಟೆಲ್ಲ ಮಾಡಿ, ಬಣ್ಣಕ್ಕೆ ಓರಾಂಯೆ ಅನ್ನುವ ಡಚ್ಚರು ಹಣ್ಣಿಗೆ ಮಾತ್ರ ಚೀನಾದ ಸೇಬು ಅನ್ನುತ್ತಾರೆ!

ಅದಕ್ಕೆ ಕಾರಣ ಸಿಹಿ ಕಿತ್ತಳೆ. ವಾಸ್ಕೊ ಡ ಗಾಮ 1498ರಲ್ಲಿ ಕೋಳಿಕ್ಕೋಡ್ ಹತ್ತಿರ ಇಳಿದ ಮೇಲೆ ಪೋರ್ಚುಗೀಸರ ಹಡಗುಗಳು ಗೋವಾ, ಮಲಾಕ್ಕಾ, ಚೀನಾದ ತೀರದವರೆಗೂ ಓಡಾಡಿದವು. ಯುರೋಪಿನಲ್ಲಿ ಅಷ್ಟು ಹೊತ್ತಿಗೆ ಸಿಹಿ ಜಾತಿ ಸ್ವಲ್ಪ ಇತ್ತು, ಆದರೆ ಒಳ್ಳೆಯ ತಳಿ ತಂದು, ಬೆಳೆಸಿ, ಸುತ್ತಲಿನ ದೇಶಗಳಿಗೆಲ್ಲ ಮಾರಿದವರು ಪೋರ್ಚುಗೀಸರು. ಗ್ರೀಕರ ಮುಂದೆ ಈಗ ಎರಡು ಹಣ್ಣು. ಹಳೆಯ ಕಹಿಯದಕ್ಕೆ ನೆರಾಂಜಿ ಅನ್ನುವ ಹೆಸರು ಆಗಲೇ ಇತ್ತು, ಹೊಸ ಸಿಹಿಯದನ್ನು ಪೋರ್ಚುಗಲ್ಲಿನದು ಅಂದರು. ಅರಬರಲ್ಲೂ ಹಾಗೆಯೇ, ಕಹಿ ನಾರಂಜ್, ಸಿಹಿ ಬುರ್ತುಕಾಲ್. ಇರಾನಿನಲ್ಲಿ ಇನ್ನೂ ಅಚ್ಚುಕಟ್ಟು: ಕಹಿ ನಾರೆಂಜ್, ಸಿಹಿ ಪೊರ್ತೆಗಾಲ್, ಸಡಿಲ ಸಿಪ್ಪೆಯದು ನಾರೆಂಗಿ. ರೊಮೇನಿಯಾ, ಬಲ್ಗೇರಿಯಾ, ಅಲ್ಬೇನಿಯಾ, ಜಾರ್ಜಿಯಾ ಎಲ್ಲ ಇದೇ ಪೋರ್ಚುಗಲ್ ಗುಂಪು. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಬಿರ್ತುಕಾನ್ ಕೂಡ.

ಉತ್ತರ ಯುರೋಪಿನ ಬಂದರುಗಳಲ್ಲಿ ಮಾತ್ರ ಇದೇ ಸಿಹಿ ಹಣ್ಣನ್ನು ಅದರ ಮೂಲ ಊರಿನ ಹೆಸರಿನಲ್ಲಿ ಕರೆದರು. ಡಚ್ಚರ ಪದ ಹೇಳಿದೆ. ಜರ್ಮನಿಯ ಉತ್ತರ ಭಾಗದಲ್ಲಿ ಅಪ್ಫೆಲ್‌ಸೀನೆ, ಸ್ವೀಡನ್ನಿನಲ್ಲಿ ಅಪೆಲ್‌ಸೀನ್, ರಷ್ಯಾದಲ್ಲಿ ಅಪಿಲ್‌ಸಿನ್. ಎಲ್ಲದರಲ್ಲೂ ಒಂದು ಸೇಬು, ಒಂದು ಚೀನಾ. ದಕ್ಷಿಣ ಜರ್ಮನಿಯವರು ಒರಾಂಜೆ ಅನ್ನುತ್ತಾರೆ. ಅಟ್ಲಾಂಟಿಕ್ ಆಚೆ ಪೋರ್ಟೊ ರಿಕೊದಲ್ಲಂತೂ ಸೇಬನ್ನೂ ಬಿಟ್ಟು ಬರೀ ಚೀನ ಅನ್ನುತ್ತಾರೆ, ನರಾಂಹ ಅಂದರೆ ಅಲ್ಲಿ ಕಹಿಯದು.

ಪೋರ್ಚುಗೀಸರು, ಡಚ್ಚರು ನಮ್ಮಲ್ಲಿಗೂ ಬಂದರಲ್ಲ, ಇಲ್ಲಿ ಏನು ಬಿಟ್ಟು ಹೋದರು? ಜ್ಯೂಸ್ ಅಂಗಡಿಯ ಬೋರ್ಡ್ ನೋಡಿ. ಮೂಸಂಬಿ. ಅದು ಆಫ್ರಿಕಾದ ಮೊಜಾಂಬಿಕ್, ಪೋರ್ಚುಗೀಸರ ಹಳೆಯ ವಸಾಹತು. ಬಂಗಾಳದಲ್ಲಿ ಚಕ್ಕೋತಕ್ಕೆ ಬಾತಾಬಿ ಲೇಬು ಅನ್ನುತ್ತಾರೆ, ಅದು ಡಚ್ಚರ ಬಟಾವಿಯಾ, ಅಂದರೆ ಇವತ್ತಿನ ಜಕಾರ್ತ. ತಮಿಳಿನ ಬಂಬ್ಲಿಮಾಸು, ಮರಾಠಿಯ ಪಪನಸ್ ಎರಡರ ಹಿಂದೆಯೂ ಡಚ್ಚರ ಪೊಂಪೆಲ್‌ಮೂಸ್ ಇದೆ. ಹಿಂದಿಯ ಸಂತರಾ ಬಗ್ಗೆ ಮಾತ್ರ ಜಗಳ ಇದೆ. ಪೋರ್ಚುಗಲ್ಲಿನ ಸಿಂತ್ರಾ ಊರಿನಿಂದ ಬಂತು ಅಂತ ಎಷ್ಟೋ ಕಡೆ ಬರೆಯುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. 1520ರ ದಶಕದಲ್ಲಿ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದೂಸ್ತಾನದ ಹಣ್ಣುಗಳನ್ನು ಪಟ್ಟಿ ಮಾಡುವಾಗಲೇ ಸಂಗ್‌ತರಾ ಇದೆ. ಪೋರ್ಚುಗೀಸರು ಕರಾವಳಿಗೆ ಬಂದು ಇನ್ನೂ ಮೂವತ್ತು ವರ್ಷ ಆಗಿರಲಿಲ್ಲ, ಅಷ್ಟರಲ್ಲಿ ಒಂದು ಊರಿನ ಹೆಸರು ಉತ್ತರದ ಬಯಲಿನವರೆಗೆ ಹೋಗಿ ಹಣ್ಣಿಗೆ ಅಂಟಿಕೊಂಡಿತು ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು.

ಈಗ ಕನ್ನಡ. ನಾರಂಗ, ನಾರಂಗಿ ನಮ್ಮ ನಿಘಂಟುಗಳಲ್ಲಿ ಇವೆ, ಬಾಯಲ್ಲಿ ಇಲ್ಲ. ನಾವು ಮೂರೂ ಗುಂಪಿನ ಹೊರಗೆ ಉಳಿದವರು. ಕಿತ್ತಳೆ ಅಂದರೆ ಏನೋ ಕೀಳುವುದಕ್ಕೆ ಸಂಬಂಧಿಸಿದ್ದು ಅಂತ ಕೆಲವರು ಅಂದುಕೊಂಡಿದ್ದಾರೆ, ಗಿಡದಿಂದ ಕಿತ್ತದ್ದು ಅಂತ. ಹಾಗಲ್ಲ. ಹಳಗನ್ನಡದಲ್ಲಿ ಈಳೆ ಅಂತ ಒಂದು ಪದ ಇದೆ, ನಿಂಬೆ ಜಾತಿಯ ಹಣ್ಣು ಅಂತ ಅರ್ಥ. ಕಿರಿದಾದ ಈಳೆ ಕಿತ್ತೀಳೆ. ಹಿರಿದಾದ ಈಳೆ ಪೇರೀಳೆ. ಪ ಹೋಗಿ ಹ ಬಂದಾಗ ಅದು ಹೇರಿಳೆ, ಈಗಿನ ಹೇರಳೆ. ಹಿರಿಯ ಅಡವಿ ಹೇರಡವಿ ಆಗುತ್ತದಲ್ಲ, ಅದೇ ಲೆಕ್ಕ. ಹಳೇ ಮೈಸೂರು ಕಡೆಯವರಿಗೆ ಹೇರಳೆಕಾಯಿ ಚಿತ್ರಾನ್ನ, ಹೇರಳೆಕಾಯಿ ಗೊಜ್ಜು ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಎಳ್ಳಿಕಾಯಿ ಅಂತಲೂ ಅನ್ನುತ್ತಾರೆ. ಆ ಎಳ್ಳಿ ಅನ್ನುವ ಪದಕ್ಕೂ ಈಳೆಗೂ ಒಂದೇ ಬೇರು ಇರಬೇಕು, ಎಳ್ಳು ಕಾಳಿಗೆ ಅದರಲ್ಲಿ ಪಾತ್ರ ಇಲ್ಲ. ಅಂದರೆ ಅಡುಗೆಮನೆಯ ಹೇರಳೆ ಮತ್ತು ಹಣ್ಣಿನ ತಟ್ಟೆಯ ಕಿತ್ತಳೆ ಒಂದೇ ಮನೆಯ ದೊಡ್ಡವನು, ಚಿಕ್ಕವನು. ಮಲಯಾಳಿಗಳೂ ಹೀಗೆಯೇ ಯೋಚಿಸಿದ್ದಾರೆ, ಅವರ ಚೆರುನಾರಙ್ಙದಲ್ಲಿ ಚೆರು ಅಂದರೆ ಚಿಕ್ಕದು. ಪರದೇಶದಿಂದ ಬಂದದ್ದಕ್ಕೆ ಊರಿನ ಹೆಸರು ಬೇಕಾಗುತ್ತದೆ. ಹಿತ್ತಲಲ್ಲೇ ಹಲವು ಜಾತಿ ಇದ್ದವರಿಗೆ ದೊಡ್ಡದು, ಚಿಕ್ಕದು ಅಂದರೆ ಸಾಕು.

ನಮ್ಮ ಕಿತ್ತಳೆ ಅಂದರೆ ಮೊದಲು ನೆನಪಾಗುವುದು ಕೊಡಗು. ಕಾಫಿ ತೋಟದ ನಡುವೆ ಬೆಳೆಯುವ ಈ ಮ್ಯಾಂಡರಿನ್‌ಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹಸಿರು ಬೆರೆತ ಹಳದಿ ಸಿಪ್ಪೆ, ಹುಳಿ ಸಿಹಿ ಎರಡೂ ಇರುವ ರುಚಿ. ಗ್ರೀನಿಂಗ್ ರೋಗ ಬಿದ್ದು ಬಹಳ ತೋಟಗಳಲ್ಲಿ ಮರಗಳೇ ಹೋದವು. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದವರು ಉಳಿಸಲು ಕೆಲಸ ಮಾಡುತ್ತಿದ್ದಾರೆ. ಅಂಗಡಿಯಲ್ಲಿ ಈಗ ಜಾಸ್ತಿ ಕಾಣುವುದು ನಾಗ್ಪುರದ್ದು, ಇಲ್ಲವೇ ಪಂಜಾಬಿನ ಕಿನ್ನೋ. ಕಿನ್ನೋ ಅನ್ನುವುದು ಪಂಜಾಬಿ ಪದ ಅಂತ ಅನಿಸುತ್ತದೆ ಅಲ್ವಾ? ಅಲ್ಲ. ಕಿಂಗ್ ಮತ್ತು ವಿಲ್ಲೋ ಲೀಫ್ ಎಂಬ ಎರಡು ತಳಿ ಕೂಡಿಸಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ತಳಿ ಅದು. ಹೆಸರನ್ನೂ ಹಾಗೆಯೇ ಕತ್ತರಿಸಿ ಅಂಟಿಸಿದರು.

ಆರೆಂಜ್ ಪದ ನಮ್ಮ ಕಡೆಗೆ ವಾಪಸ್ ಬಂದಾಗ ಯಾರಿಗೂ ಅದರ ಗುರುತು ಸಿಗಲಿಲ್ಲ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ಮಾರುತ್ತಿದ್ದ ಹರೇಕಳ ಹಾಜಬ್ಬ ಅವರ ಕಥೆ ಎಲ್ಲರಿಗೂ ಗೊತ್ತು. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ತುಳು ಮತ್ತು ಬ್ಯಾರಿ ಮಾತ್ರ ಬಲ್ಲ ಅವರಿಗೆ ಉತ್ತರ ಕೊಡಲು ಆಗಲಿಲ್ಲ. ಆ ನಾಚಿಕೆ ಮರೆಯದೆ ಹಣ್ಣು ಮಾರಿದ ದುಡ್ಡು ಕೂಡಿಟ್ಟು ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆ ಪ್ರವಾಸಿಗರ ಬಾಯಲ್ಲಿದ್ದ ಪದದ ಪೂರ್ವಜ ಇದೇ ದಕ್ಷಿಣದ ಮಾತುಗಳಿಂದ ಹೊರಟು ಪರ್ಷಿಯಾ, ಅರೇಬಿಯಾ, ಸ್ಪೇನ್, ಇಟಲಿ, ಫ್ರಾನ್ಸ್, ಇಂಗ್ಲೆಂಡ್ ಸುತ್ತಿಕೊಂಡು ಬಂದಿತ್ತು.

ಈಗಿನ ಮಕ್ಕಳಿಗೆ ಕಿತ್ತಳೆಗಿಂತ ಆರೆಂಜ್ ಬೇಗ ಬರುತ್ತದೆ. ಇದನ್ನು ಕನ್ನಡದ ಸಾವು ಅಂತ ಅಳುವವರ ಜೊತೆ ನಾನಿಲ್ಲ. ಯಾಕೆಂದರೆ ಅಂಗಡಿಗಳಲ್ಲಿ ನಡೆಯುತ್ತಿರುವುದು ಬೇರೆ. ಬೆರಳಲ್ಲಿ ಸುಲಿಯುವ ನಾಗ್ಪುರದ್ದು, ಕೊಡಗಿನದು ಕಿತ್ತಳೆ. ಮೇಲೆ ಸಣ್ಣ ಸ್ಟಿಕರ್ ಅಂಟಿಸಿಕೊಂಡು ಹಡಗಿನಲ್ಲಿ ಬರುವ, ಚಾಕು ಬೇಕಾಗುವ ಹಣ್ಣು ಆರೆಂಜ್, ಜ್ಯೂಸ್ ಡಬ್ಬದ ಮೇಲೆ ಇರುವುದೂ ಆರೆಂಜ್. ಗ್ರೀಕರು ನೆರಾಂಜಿ, ಪೊರ್ತೊಕಾಲಿ ಅಂತ ಎರಡು ಮಾಡಿಕೊಂಡರಲ್ಲ, ನಮ್ಮ ಹಣ್ಣಿನ ವ್ಯಾಪಾರಿಗಳೂ ಅದನ್ನೇ ಮಾಡುತ್ತಿದ್ದಾರೆ, ಕಿಲೋಗೆ ಬೇರೆ ಬೇರೆ ರೇಟು ಹಾಕಿ.