ಭೂಕಂಪವಿಲ್ಲದೆ ಬರುವ ಸುನಾಮಿ: ಇನ್ಫ್ರಾಸೌಂಡ್ ಎಷ್ಟು ಹೇಳಬಲ್ಲದು?

2018ರ ಡಿಸೆಂಬರ್ 22ರ ರಾತ್ರಿ ಇಂಡೊನೇಷ್ಯಾದ ಸುಂದಾ ಜಲಸಂಧಿಯಲ್ಲಿ ಅನಕ್ ಕ್ರಕಟೋವಾ ಜ್ವಾಲಾಮುಖಿಯ ಒಂದು ಮಗ್ಗುಲೇ ಕುಸಿದು ಸಮುದ್ರಕ್ಕೆ ಬಿತ್ತು. ಸುಮಾರು ಅರ್ಧ ಗಂಟೆಯಲ್ಲಿ ಅಲೆ ದಡಕ್ಕೆ ಅಪ್ಪಳಿಸಿ 400ಕ್ಕೂ ಹೆಚ್ಚು ಜನ ಸತ್ತರು. ಮುನ್ನೆಚ್ಚರಿಕೆ ಬರಲೇ ಇಲ್ಲ. ವ್ಯವಸ್ಥೆ ಕಾಯುತ್ತಿದ್ದುದು ದೊಡ್ಡ ಭೂಕಂಪಕ್ಕೆ. ಆ ರಾತ್ರಿ ಅಂಥದ್ದು ಆಗಿರಲಿಲ್ಲ.

ಸುಳಿವು ಗಾಳಿಯಲ್ಲಿತ್ತು. 20 ಹರ್ಟ್ಸ್‌ಗಿಂತ ಕೆಳಗಿನ, ಕಿವಿಗೆ ಕೇಳದ ಶಬ್ದವೇ ಇನ್ಫ್ರಾಸೌಂಡ್. 1883ರಲ್ಲಿ ಕ್ರಕಟೋವಾ ಸಿಡಿದಾಗ ಅದರ ಒತ್ತಡದ ಅಲೆ ಭೂಮಿಯನ್ನು ಹಲವು ಬಾರಿ ಸುತ್ತಿದ್ದು ಅಂದಿನ ವಾಯುಭಾರಮಾಪಕಗಳಲ್ಲೇ ದಾಖಲಾಗಿತ್ತು. ಇಂದಿನ ಜಾಗತಿಕ ಜಾಲ ಮಾತ್ರ ಸುನಾಮಿಗಾಗಿ ಹುಟ್ಟಿದ್ದಲ್ಲ. 1996ರ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದದ ಕಾವಲಿಗೆಂದು 60 ಕೇಂದ್ರಗಳನ್ನು ಯೋಜಿಸಲಾಯಿತು. ಪ್ರತಿ ಕೇಂದ್ರದಲ್ಲೂ ಕನಿಷ್ಠ ನಾಲ್ಕು ಸೂಕ್ಷ್ಮ ಒತ್ತಡಮಾಪಕಗಳು ಒಂದರಿಂದ ಮೂರು ಕಿ.ಮೀ. ಹರವಿನಲ್ಲಿರುತ್ತವೆ. ಒಂದೇ ಅಲೆ ಯಾವುದಕ್ಕೆ ಎಷ್ಟು ತಡವಾಗಿ ತಲುಪಿತೆಂದು ಹೋಲಿಸಿದರೆ ದಿಕ್ಕೂ ವೇಗವೂ ಗೊತ್ತಾಗುತ್ತವೆ. ಒಂಟಿ ಮಾಪಕಕ್ಕೆ ಇದು ಆಗದ ಕೆಲಸ.

ಬೀಸುಗಾಳಿಯೇ ದೊಡ್ಡ ಕಾಟ. ಅದಕ್ಕೆ ಪ್ರತಿ ಮಾಪಕದ ಸುತ್ತ ನೆಲದ ಮೇಲೆ ಕೊಳವೆಗಳನ್ನು ಹರಡುತ್ತಾರೆ. ಹತ್ತಾರು ಬಾಯಿಗಳಿಂದ ಒಳಬರುವ ಗಾಳಿಯ ಏರಿಳಿತಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ದೂರದ ಅಲೆ ಉಳಿಯುತ್ತದೆ. ಕೊಳವೆಯಲ್ಲಿ ನೀರು ನಿಂತರೂ ಬಾಯಿ ಕಟ್ಟಿಕೊಂಡರೂ ಅಳತೆ ಕೆಟ್ಟಿತು. ಕಡಲಲೆಗಳೇ ಹುಟ್ಟಿಸುವ 0.2 ಹರ್ಟ್ಸ್ ಆಸುಪಾಸಿನ ಗುನುಗು ಬೇರೆ. ಅದೂ ನಿಜವಾದ ಶಬ್ದವೇ ಆದ್ದರಿಂದ ಕೊಳವೆ ಅದನ್ನು ತಡೆಯದು.

ಇನ್ನು ದೂರದ ಲೆಕ್ಕ. ಅನಕ್ ಕ್ರಕಟೋವಾದ ಸದ್ದು ದಾಖಲಾದ, ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದ ಕೇಂದ್ರ ಸುಮಾರು 1,150 ಕಿ.ಮೀ. ಆಚೆಗಿದೆ. ಸೆಕೆಂಡಿಗೆ 300 ಮೀಟರ್‌ನಂತೆ ಹಿಡಿದರೂ ಶಬ್ದ ಅಲ್ಲಿಗೆ ಮುಟ್ಟಲು ಒಂದು ಗಂಟೆ ಬೇಕು. ಅಧ್ಯಯನಕ್ಕೆ ಒಳ್ಳೆಯ ದಾಖಲೆ, ದಡದಲ್ಲಿದ್ದವರಿಗೆ ನಿಷ್ಪ್ರಯೋಜಕ. ಮಾಪಕ 50 ಕಿ.ಮೀ. ಒಳಗಿದ್ದರೆ ಮೂರೇ ನಿಮಿಷ ಸಾಕು.

2022ರ ಜನವರಿ 15ರಂದು ಪೆಸಿಫಿಕ್ ಸಾಗರದ ಟೋಂಗಾದಲ್ಲಿ ನಡೆದ ಜ್ವಾಲಾಮುಖಿ ಸ್ಫೋಟದ್ದು ಬೇರೆಯೇ ಕಥೆ. ವಾತಾವರಣದ ಅಲೆ ಸೆಕೆಂಡಿಗೆ ಸುಮಾರು 310 ಮೀಟರ್ ವೇಗದಲ್ಲಿ ಓಡುತ್ತಾ ತನ್ನ ಕೆಳಗಿನ ಸಮುದ್ರವನ್ನೂ ಕದಡಿತು. 4,000 ಮೀಟರ್ ಆಳದ ನೀರಲ್ಲಿ ಸುನಾಮಿಯ ಸಹಜ ವೇಗ 200 ಮೀಟರ್ ಅಷ್ಟೇ. ಹೀಗಾಗಿ ಜಪಾನ್ ಕರಾವಳಿಯಲ್ಲಿ ನೀರು ಲೆಕ್ಕಕ್ಕಿಂತ ಎರಡು ಗಂಟೆಗೂ ಮೊದಲೇ ಏರಿತು.

ಇಷ್ಟಾದರೂ ಇನ್ಫ್ರಾಸೌಂಡ್ ಹೇಳುವುದು ಎಲ್ಲಿ, ಯಾವಾಗ ಎಂಬುದನ್ನು, ಅಲೆಯ ಎತ್ತರವನ್ನಲ್ಲ. ನೀರಿನಾಳದಲ್ಲೇ ನಿಧಾನವಾಗಿ ಜಾರಿದ ಮಣ್ಣು ಗಾಳಿಯಲ್ಲಿ ಸದ್ದನ್ನೇ ಮಾಡದಿರಬಹುದು. ಪದೇ ಪದೇ ಸಿಡಿಯುವ ಜ್ವಾಲಾಮುಖಿಯ ಪ್ರತಿ ಸದ್ದಿಗೂ ಸೈರನ್ ಮೊಳಗಿಸಿದರೆ ಜನ ಓಡುವುದನ್ನೇ ಬಿಟ್ಟಾರು. ಅದಕ್ಕೇ ಸದ್ದು ಬಂದೊಡನೆ ಹತ್ತಿರದ ಸಮುದ್ರಮಟ್ಟ ಮಾಪಕವನ್ನು ನೋಡಬೇಕು. ಆ ಮಾಪಕ ಜ್ವಾಲಾಮುಖಿಗೂ ಊರಿಗೂ ನಡುವೆ ಇರಬೇಕು.