ಇಳಿಜಾರಿನಲ್ಲಿ ನ್ಯೂಟ್ರಲ್: ಮತ್ತೊಮ್ಮೆ, ಬೇಡ

ಪ್ರಶ್ನೆ: ಮ್ಯೂನಿಕ್‌ನಿಂದ ಬಾಡಿಗೆ ಕಾರಿನಲ್ಲಿ ಇಟಲಿಯ ತ್ರೆ ಚಿಮೆ ಬೆಟ್ಟ ನೋಡಲು ಹೋಗುತ್ತಿದ್ದೇವೆ. ಚಿಕ್ಕ ಪೆಟ್ರೋಲ್ ಕಾರು, ನಾಲ್ಕು ಜನ. ಚಾರಣಿಗರ ತಂಗುಮನೆಯಾದ ಔರೊಂಜೊ ಹಟ್‌ವರೆಗೆ ಹತ್ತುತ್ತದಾ? ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಲ್ವಾ?

ಹತ್ತುತ್ತದೆ. ಮಿಸುರಿನಾ ಕೆರೆಯಿಂದ ಸುಮಾರು 7 ಕಿ.ಮೀ. ದಾರಿ. ಹಟ್ ಇರುವುದು 2,320 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ಹೆಚ್ಚುಕಮ್ಮಿ ಕಾಲು ಭಾಗ ಶಕ್ತಿ ಕಮ್ಮಿ. ಎಸಿ ಆಫ್ ಮಾಡಿ, ಸೆಕೆಂಡ್ ಗೇರ್‌ನಲ್ಲಿ ಹೋಗಿ, ಎಳೆಯದಿದ್ದರೆ ಫಸ್ಟ್. ಇದು ಟೋಲ್ ರಸ್ತೆ. 2025ರಿಂದ ಆನ್‌ಲೈನ್ ಬುಕಿಂಗ್ ಬೇರೆ ಮಾಡಿಸಬೇಕು.

ಇನ್ನು ಆ ನ್ಯೂಟ್ರಲ್ ವಿಷಯ. ಆಗುಂಬೆ ಆಯ್ತು, ಚಾರ್ಮಾಡಿ ಆಯ್ತು, ಈಗ ಇಟಲಿಯ ಡೊಲೊಮೈಟ್ಸ್ ಬೆಟ್ಟಸಾಲು. ಘಾಟಿ ಬದಲಾದರೂ ಪ್ರಶ್ನೆ ಅದೇ!

ಉಳಿಯುವುದಿಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥ ಇತ್ತು. ಈಗಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಗೇರ್‌ನಲ್ಲಿ ಇಳಿಯುತ್ತಾ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲ್ ಸಿಂಪಡಣೆಯೇ ನಿಂತುಹೋಗುತ್ತದೆ. ಆಗ ಎಂಜಿನ್ ತಿರುಗಿಸುವುದು ಚಕ್ರಗಳು. ನ್ಯೂಟ್ರಲ್‌ಗೆ ಹಾಕಿದಿರೋ, ಎಂಜಿನ್ ಬಂದ್ ಆಗದಿರಲು ಪೆಟ್ರೋಲ್ ಕುಡಿಯಲೇಬೇಕು. ಉಳಿಸಲು ಹೋಗಿ ಖರ್ಚು ಮಾಡಿದ ಹಾಗಾಯಿತು.

ಪೆಟ್ರೋಲ್ ಹಾಳಾಗಲಿ, ಬ್ರೇಕ್ ಕಥೆ ಕೇಳಿ. ನ್ಯೂಟ್ರಲ್‌ನಲ್ಲಿ ಇಡೀ ಗಾಡಿಯನ್ನು ತಡೆಯುವ ಕೆಲಸ ಬ್ರೇಕ್ ಒಂದರದ್ದೇ. ಡಿಸ್ಕ್ ಕಾಯುತ್ತದೆ, ಆ ಬಿಸಿ ಬ್ರೇಕ್ ಆಯಿಲ್‌ಗೆ ಹತ್ತುತ್ತದೆ. ಹಳೆಯ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕೂಡ ಹಾಗೆ ತೇವಗೊಂಡರೆ 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಗುಳ್ಳೆ ಏಳುತ್ತವೆ. ಆಮೇಲೆ ನೀವು ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಗಾಡಿ ನಿಲ್ಲುವುದಿಲ್ಲ. ‘ನಮ್ಮೂರ ಡ್ರೈವರಣ್ಣ ಹೀಗೇ ಇಳಿಸ್ತಾನೆ, ಏನೂ ಆಗಿಲ್ಲ’ ಅಂತ ದಯವಿಟ್ಟು ಬರೆಯಬೇಡಿ. ಸಾಕಷ್ಟು ಜನ ಬರೆದಾಗಿದೆ.

ಹತ್ತಿದ ಗೇರ್‌ನಲ್ಲೇ ಇಳಿಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನುವಲ್ ಮೋಡ್‌ಗೆ ಹಾಕಿ. ಎಂಜಿನ್ ಕಿರುಚಿಕೊಂಡರೆ ಗಾಬರಿ ಬೇಡ. ತಿರುವಿಗೆ ಮೊದಲು ಗಟ್ಟಿಯಾಗಿ ಬ್ರೇಕ್ ಒತ್ತಿ, ಬಿಟ್ಟುಬಿಡಿ. ಸುಮ್ನೆ ಅದರ ಮೇಲೆ ಕಾಲಿಟ್ಟುಕೊಂಡು ಇಳಿಯಬೇಡಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಈ ರಸ್ತೆಯನ್ನು ಸೈಕಲ್‌ನಲ್ಲೂ ಹತ್ತುತ್ತಾರೆ. ಕೆಲವು ಕಡೆ ಏರು ಶೇ. 18ರಷ್ಟು, ಅಂದರೆ 100 ಮೀಟರ್ ಮುಂದೆ ಹೋದರೆ 18 ಮೀಟರ್ ಮೇಲೆ. 1967ರ ಜಿರೋ ದಿತಾಲಿಯಾ ಎಂಬ ಹಲವು ದಿನಗಳ ಸೈಕಲ್ ರೇಸ್‌ನಲ್ಲಿ ಇಲ್ಲಿ ಅಭಿಮಾನಿಗಳು ಸವಾರರನ್ನು ಎಷ್ಟು ತಳ್ಳಿದರೆಂದರೆ, ಆ ದಿನದ ಫಲಿತಾಂಶವನ್ನೇ ರದ್ದು ಮಾಡಿದರು. ಮರುವರ್ಷ ಹಿಮದಲ್ಲಿ ಹತ್ತಿ ಗೆದ್ದವರು ಬೆಲ್ಜಿಯಂನ ಸವಾರ ಎಡ್ಡಿ ಮರ್ಕ್ಸ್. ಈಗಲೂ ಸೈಕಲ್‌ನವರು ಏದುಸಿರು ಬಿಡುತ್ತಾ ನಿಮ್ಮ ಮುಂದೆಯೇ ಇರುತ್ತಾರೆ. ಹಾರ್ನ್ ಹೊಡೆಯಬೇಡಿ.